ತೊಟ್ಟಿಲ ಹೆಸರು, ಪೇಟೆ ಹೆಸರು

ನಮ್ಮಲ್ಲಿ ಮಕ್ಕಳಿಗೆ ತೊಟ್ಟಿಲಲ್ಲಿ ಇಡುವ ಹೆಸರೊಂದು, ಊರು ಕೂಗುವ ಹೆಸರು ಇನ್ನೊಂದು. ಪೋರ್ಚುಗಲ್ಲಿನ ಹಳೆಯ ಚಿನ್ನದ ನಾಣ್ಯಗಳದ್ದೂ ಇದೇ ಕಥೆ.

ದೊರೆ ಒಂದನೇ ಮನುವೆಲ್‌ನನ್ನೇ ನೋಡಿ. ವಾಸ್ಕೋ ಡ ಗಾಮ ಕಲ್ಲಿಕೋಟೆಯಿಂದ ಮರಳಿದ 1499ರಲ್ಲಿ ಸುಮಾರು 35 ಗ್ರಾಂ ತೂಗುವ ಚಿನ್ನದ ಬಿಲ್ಲೆ ಹೊಡೆಸಿದ. ಇಥಿಯೋಪಿಯ, ಅರೇಬಿಯ, ಪರ್ಷಿಯ, ಭಾರತಗಳ ದಿಗ್ವಿಜಯ, ನೌಕಾಯಾನ, ವ್ಯಾಪಾರಗಳಿಗೆಲ್ಲ ತಾನೇ ಒಡೆಯನೆಂದು ಅದರ ಮೇಲೆ ಬಿರುದಾವಳಿ. ಆ ಹೊತ್ತಿಗೆ ನಮ್ಮ ಕಡಲಂಚಿನಲ್ಲಿ ಅವನದೆನ್ನುವ ಗೇಣು ನೆಲವೂ ಇರಲಿಲ್ಲ! ಇಷ್ಟೆಲ್ಲ ಕೆತ್ತಿಸಿದರೂ ನಾಣ್ಯಕ್ಕೆ ನಿಂತದ್ದು ‘ಪೋರ್ತುಗೇಸ್’ ಎಂಬ ಬೋಳು ಹೆಸರು. ಬೆಲೆ ಹತ್ತು ಕ್ರುಜಾದೊ.

ಈ ಕ್ರುಜಾದೊ ಹುಟ್ಟಿದ ಬಗೆ ಇನ್ನೂ ಸ್ವಾರಸ್ಯದ್ದು. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ಕೈಸೇರಿತು. ಪೋಪ್ ಮೂರನೇ ಕ್ಯಾಲಿಕ್ಸ್ಟಸ್ ಶಿಲುಬೆಯ ಯುದ್ಧಕ್ಕೆ ಕರೆಕೊಟ್ಟರು. ಪೋರ್ಚುಗಲ್ಲಿನ ಆಗಿನ ದೊರೆ ಐದನೇ ಅಫೊನ್ಸೊ ಹುಮ್ಮಸ್ಸಿನಿಂದ 1457ರಲ್ಲಿ ಆಫ್ರಿಕದ ಚಿನ್ನ ಕರಗಿಸಿ, ಶಿಲುಬೆಯ ಮುದ್ರೆಯೊತ್ತಿ, ಯುದ್ಧದ ಹೆಸರನ್ನೇ ನಾಣ್ಯಕ್ಕಿಟ್ಟ. ದಂಡೇನೋ ಹೊರಟಿತು. ಆದರೆ ತುರ್ಕರತ್ತ ಹೋಗದೆ ಪಕ್ಕದ ಮೊರಾಕೊದಲ್ಲೊಂದು ಊರು ಹಿಡಿದು ತೃಪ್ತವಾಯಿತು. ಮುಂದೆ ಈ ಧರ್ಮಯೋಧ ನಾಣ್ಯ ಸಮುದ್ರ ದಾಟಿ ಬಂದದ್ದು ಮೆಣಸಿನ ವ್ಯಾಪಾರಕ್ಕೆ. ಅಫೊನ್ಸೊಗೂ ಹಿಂದಿನ ದೊರೆಗಳ ನಾಣ್ಯ ‘ಮೊರಬಿತಿನೊ’ವಂತೂ ಅಲ್ಮೊರಾವಿದ್ ಮುಸ್ಲಿಂ ಅರಸರ ದಿನಾರಿನಿಂದಲೇ ಹೆಸರು ಕಡ ತಂದಿತ್ತು. ಧರ್ಮ ಬೇರೆಯಾದರೇನು, ಪೇಟೆಯಲ್ಲಿ ಚಲಾವಣೆಯಾಗಬೇಡವೇ?

ಹದಿನೆಂಟನೇ ಶತಮಾನದಲ್ಲಿ ಬ್ರೆಜಿಲ್‌ನ ಚಿನ್ನ ಹೊಳೆಯಾಗಿ ಹರಿದಾಗ ಐದನೇ ಜೊವಾವ್ ತನ್ನ ಮುಖವನ್ನೂ ‘ಯೊಹಾನೆಸ್’ ಎಂಬ ಲ್ಯಾಟಿನ್ ಹೆಸರನ್ನೂ ನಾಣ್ಯಕ್ಕೆ ಹಾಕಿಸಿದ. ಅಮೆರಿಕದ ವಸಾಹತುಗಳ ಜನ ಅದನ್ನು ‘ಜೋ’ ಎಂದರು. ಅದರ ಅರ್ಧ ಬೆಲೆಯದು ‘ಅರ್ಧ ಜೋ’. ಮಹಾರಾಜನನ್ನು ಹೀಗೆ ಏಕವಚನದಲ್ಲಿ ಕೂಗಿ ದಕ್ಕಿಸಿಕೊಂಡವರು ಅವರೇ ಇರಬೇಕು.

ಹೆಸರು ಕೆಡಿಸುವುದರಲ್ಲಿ ಪೋರ್ಚುಗೀಸರೇನೂ ಹಿಂದೆ ಬೀಳಲಿಲ್ಲ. ವಿಜಯನಗರದಲ್ಲಿ ವರಾಹದ ಅರ್ಧಕ್ಕೆ ‘ಪ್ರತಾಪ’ ಎನ್ನುತ್ತಿದ್ದರು. ಅದು ಅವರ ಬಾಯಲ್ಲಿ ‘ಪರ್ದಾವ್’ ಆಯಿತು. ಅವರ ಪ್ರವಾಸಿ ಡೊಮಿಂಗೊ ಪಾಯೆಸ್ ವಿಜಯನಗರದ ಸಿರಿಯನ್ನು ಎಣಿಸಿದ್ದು ಪರ್ದಾವ್‌ಗಳಲ್ಲೇ. ಸಾಲದೆಂದು ಗೋವೆಯಲ್ಲಿ ಸುಲ್ತಾನರ ‘ಅಶ್ರಫಿ’ಯನ್ನೂ ಎಳೆತಂದು ‘ಪರ್ದಾವ್ ಶೆರಾಫಿಂ’ ಎಂದು ಜೋಡುಹೆಸರಿಟ್ಟರು. ಆ ಹೆಸರು ಹೊತ್ತದ್ದು ಬೆಳ್ಳಿಯ ನಾಣ್ಯ. ಚಿನ್ನ ಕೈಬಿಟ್ಟರೂ ಪ್ರತಾಪ ಬಿಡಲಿಲ್ಲ ನೋಡಿ. ಚಿನಿವಾರರು ಮಾತ್ರ ಹೆಸರು ಕೇಳುವ ಗೋಜಿಗೆ ಹೋಗದೆ, ಎಲ್ಲವನ್ನೂ ತಕ್ಕಡಿಗೇ ಹಾಕಿದ್ದಿರಬೇಕು.