ದುಃಖಾಂತ ಕಾದಂಬರಿ ಮತ್ತು ಎಳೆಯ ಓದುಗ: ಘಟಪ್ರಭಾ ಸೀಮೆಯ ಒಂದು ಶಾಸ್ತ್ರವಿಚಾರ

ಕೊನೆಯ ಹತ್ತು ಪುಟಗಳೊಳಗೆ ಒಬ್ಬರಾದರೂ ಸಾಯಬೇಕು, ಸತ್ತವರು ಓದುಗನಿಗೆ ಬೇಕಾದವರಾಗಿರಬೇಕು: ಇಷ್ಟು ಲಕ್ಷಣವುಳ್ಳ ಗದ್ಯಕೃತಿಗೆ ದುಃಖಾಂತ ಕಾದಂಬರಿ ಎಂದು ಹೆಸರು. ಬೇಡಾದವರು ಸತ್ತರೆ ಅದು ಸುಖಾಂತ. ಎಳೆಯ ಓದುಗ ಯಾರೆಂಬ ವಿಷಯದಲ್ಲಿ ಮಾತ್ರ ಶಾಸ್ತ್ರಕಾರರಿಗೆ ಒಮ್ಮತವಿಲ್ಲ. ಘಟಪ್ರಭೆಯ ಎರಡೂ ದಂಡೆಗಳಲ್ಲಿ ರೂಢಿಯಲ್ಲಿರುವ ಲೆಕ್ಕದಂತೆ ಗಂಡು ನೌಕರಿ ಹಿಡಿಯುವ ತನಕ ಎಳೆಯ, ಹೆಣ್ಣು ಲಗ್ನ ಗೊತ್ತಾಗುವ ತನಕ ಎಳೆಯಳು. ಸೊಸೆಯ ಗೋಳು ಹೇಳುವ ಕಾದಂಬರಿ ಓದಲು ಆಕೆಗೆ ಅಲ್ಲಿಯವರೆಗೆ ವಯಸ್ಸು ಸಾಲದು. ಸಾಲುವಷ್ಟಾದ ಮಾರನೆಯ ದಿನದಿಂದ ಪುರುಸೊತ್ತು ಸಾಲದು.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳನ್ನು ಈ ವಿಚಾರಕ್ಕೆ ಆರಿಸಿಕೊಳ್ಳಲು ಕರದಂಟು ಕಾರಣವಲ್ಲ. ರೋಗವೂ ವೈದ್ಯವೂ ಒಂದೇ ಓಣಿಯಲ್ಲಿ ಸಿಗುವ ಸೀಮೆ ಇದು. ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರು 1942ರ ಚಳವಳಿಯ ಕುರಿತು ಬರೆದ ಕಾದಂಬರಿಗೆ ‘ಮಾಡಿ ಮಡಿದವರು’ ಎಂದು ಹೆಸರಿಟ್ಟರು. ಸಾವನ್ನು ರಕ್ಷಾಪುಟದಲ್ಲಿಯೇ ಸಾರಿದ ಲೇಖಕನ ಮೇಲೆ ಮೋಸದ ಆರೋಪ ನಿಲ್ಲುವುದಿಲ್ಲ. ಗೋಕಾಕದಲ್ಲಿ ಮಾಸ್ತರಿಕೆ ಮಾಡಿದ ಕೃಷ್ಣಮೂರ್ತಿ ಪುರಾಣಿಕರ ಕೌಟುಂಬಿಕ ಕಾದಂಬರಿಗಳು ಮನೆಮನೆಯ ಹೆಂಗಸರ ಕಣ್ಣು ಒದ್ದೆ ಮಾಡಿದವು. ಅವರ ‘ಧರ್ಮದೇವತೆ’ 1962ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಎಂಬ ಚಿತ್ರವಾಯಿತು, ಮರುವರ್ಷ ‘ಕುಲವಧು’ ತೆರೆಗೆ ಬಂತು. ಮಕ್ಕಳನ್ನು ಕಾದಂಬರಿಯಿಂದ ಕಾಪಾಡಬೇಕಾದ ಕುರ್ಚಿಯಲ್ಲಿ ಕಾದಂಬರಿಕಾರರೇ ಕುಳಿತಿದ್ದರೆಂಬುದು ಗಮನಾರ್ಹ. ಪರಿಣಾಮವೂ ಕೈಗೆ ಸಿಕ್ಕಿದೆ: ಅವರು ಕಲಿಸಿದ ಹುಡುಗರಲ್ಲಿ ಒಬ್ಬ, ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರ, ಮುಂದೆ ಅರಮನೆಯೊಂದು ಹಾಳಾಗುವ ಕಥೆಯನ್ನು ‘ಸಿಂಗಾರೆವ್ವ ಮತ್ತು ಅರಮನೆ’ ಎಂದು ಬರೆದರು, 2010ನೇ ಸಾಲಿನ ಜ್ಞಾನಪೀಠವನ್ನೂ ಪಡೆದರು. ಹಾನಿ ಎಷ್ಟು ದೂರ ಹಬ್ಬಬಲ್ಲದು ಎಂಬುದಕ್ಕೆ, ಎಳೆಯರಿಗೆ ಇಂಥ ಓದು ಬೇಡವೆನ್ನುವ ಪೂರ್ವಪಕ್ಷದವರಿಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಪೂರ್ವಪಕ್ಷದ ವಾದ ಚಿಕ್ಕದು: “ಅಂಥಾದ್ದೆಲ್ಲಾ ಓದಿದ್ರ ಹುಡುಗೂರ ತಲಿ ಕೆಡತೈತಿ.” ಯಾವ ಭಾಗ ಕೆಡುತ್ತದೆ, ಎಷ್ಟು ಪುಟಗಳ ನಂತರ, ಕೆಟ್ಟದ್ದು ರಿಪೇರಿಯಾಗುತ್ತದೆಯೇ ಎಂಬ ಪ್ರಶ್ನೆಗಳಿಗೆ ಉತ್ತರವಾಗಿ ಅದೇ ವಾಕ್ಯವನ್ನು ಏರುದನಿಯಲ್ಲಿ ಹೇಳುವುದು ಸಂಪ್ರದಾಯ. ಇದಕ್ಕೆ ಪರದೇಶದ ಆಧಾರವೂ ಉಂಟು. ಜರ್ಮನ್ ಲೇಖಕ ಗಯಟೆ 1774ರಲ್ಲಿ ಪ್ರಕಟಿಸಿದ ವರ್ಥರನ ದುಃಖಾಂತ ಕಾದಂಬರಿಯನ್ನು ಓದಿದ ಅಲ್ಲಿನ ಯುವಕರು ನಾಯಕನಂತೆ ನೀಲಿ ಕೋಟು, ಹಳದಿ ವೇಸ್ಟ್‌ಕೋಟು ತೊಟ್ಟು ತಿರುಗತೊಡಗಿದರು. ಲೈಪ್‌ಜಿಗ್ ನಗರ 1775ರಲ್ಲಿ ಪುಸ್ತಕವನ್ನೂ ಆ ವೇಷವನ್ನೂ ಒಟ್ಟಿಗೇ ನಿಷೇಧಿಸಿತು. ಗೋಕಾಕದಲ್ಲಿ ಈ ಅಪಾಯ ತಲೆದೋರಲಿಲ್ಲ. 1942ರ ನಾಯಕರು ಖಾದಿ ತೊಡುವವರು, ಅದನ್ನು ಮನೆಯ ಅಜ್ಜನೇ ತೊಟ್ಟಿರುತ್ತಿದ್ದ. ಅಜ್ಜನಂತೆ ಕಾಣಬಯಸುವ ಯುವಕ ಯಾವ ದೇಶದಲ್ಲಿಯೂ ಇಲ್ಲ.

ಸಿದ್ಧಾಂತಕ್ಕೆ ಬರುವ ಮುನ್ನ ಕಾದಂಬರಿಯಿಂದ ರಕ್ಷಿತವಾದ ಮಗುವಿನ ದಿನಚರಿಯನ್ನು ಪರಿಶೀಲಿಸತಕ್ಕದ್ದು. ಶಾಲೆಯಲ್ಲಿ ಆ ಮಗು ಗೋವಿನ ಹಾಡನ್ನು ಕಲಿಯುತ್ತದೆ. ಅಲ್ಲಿ ಹುಲಿ ಪಶ್ಚಾತ್ತಾಪದಿಂದ ಪ್ರಾಣ ಬಿಡುತ್ತದೆ. ಮುಂದೆ ‘ಕೆರೆಗೆ ಹಾರ’ ಬರುತ್ತದೆ. ಮನೆಯ ಹಿರಿಯರೇ ಕಿರಿಸೊಸೆಯನ್ನು ಕೆರೆಗೆ ಬಲಿ ಕೊಡುತ್ತಾರೆ, ಗಂಡನೂ ಅದೇ ನೀರಿಗೆ ಬೀಳುತ್ತಾನೆ. ಇತಿಹಾಸದ ತಾಸಿನಲ್ಲಿ 1831ರಲ್ಲಿ ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸುತ್ತಾರೆ. ಮೊಹರಮ್ ಬಂದಾಗ ಊರಿನ ಹಿಂದೂ ಮುಸಲ್ಮಾನ ಹುಡುಗರು ಕೂಡಿಯೇ ಅಲಾವಿ ಸುತ್ತ ಕುಣಿಯುತ್ತ, ಕರ್ಬಲಾದಲ್ಲಿ ನೀರಿಲ್ಲದೆ ಸತ್ತವರ ರಿವಾಯತ ಪದ ಕೇಳುತ್ತಾರೆ. ಜಾತ್ರೆಯ ರಾತ್ರಿ ಸಣ್ಣಾಟದವರು ‘ಸಂಗ್ಯಾ ಬಾಳ್ಯಾ’ ಆಡುತ್ತಾರೆ: ಪರಸ್ತ್ರೀ ಮೋಹ, ಜೀವದ ಗೆಳೆಯನ ದ್ರೋಹ, ಕೊಲೆ, ಎಲ್ಲವೂ ಬೆಳಗಾಗುವುದರೊಳಗೆ. ಮಗು ಅವ್ವನ ತೊಡೆಯ ಮೇಲಿರುತ್ತದೆ. ಕೊಲೆಯ ಹೊತ್ತಿಗೆ ನಿದ್ದೆ ಹತ್ತಿದ್ದರೆ, ನೋಡದೆ ಹೋದೀತೆಂದು ಎಬ್ಬಿಸುವುದೂ ಉಂಟು. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದುಕೊಂಡ ಶ್ರೀಕೃಷ್ಣ ಪಾರಿಜಾತವೊಂದೇ ಇದಕ್ಕೆ ಅಪವಾದ. ಅಲ್ಲಿ ಸತ್ಯಭಾಮೆ ಹೂವಿಗಾಗಿ ಮುನಿಯುತ್ತಾಳೆ, ಯಾರೂ ಸಾಯುವುದಿಲ್ಲ. ಆಡಲು ಹೊರಗೆ ಹೋದರೂ ಸಾವು ತಪ್ಪದು: ಹುಕ್ಕೇರಿಯಲ್ಲಿ ಮಕ್ಕಳ ಆಟಕ್ಕೆ ನೆರಳು ಕೊಡುವ ಆದಿಲಶಾಹಿ ಗುಮ್ಮಟಗಳು ಗೋರಿಗಳೇ.

2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ನದಿಗಳು ಗೋಕಾಕಕ್ಕೆ ನುಗ್ಗಿದಾಗ ಮನೆ ನೀರಲ್ಲಿ ಮುಳುಗುವುದನ್ನು ಮಕ್ಕಳು ಕಣ್ಣಾರೆ ಕಂಡರು. ಅಂಥವರು ಕಾದಂಬರಿಯಲ್ಲಿ ಪ್ರವಾಹದ ಅಧ್ಯಾಯ ಓದಬಹುದೇ ಎಂಬ ಪ್ರಶ್ನೆಗೆ ಪೂರ್ವಪಕ್ಷವು ಬೇಡವೆಂದೇ ಹೇಳುತ್ತದೆ: ಮನಸ್ಸಿಗೆ ಹತ್ತಿಸಿಕೊಂಡಾವು.

ಆದ್ದರಿಂದ ದುಃಖದ ಪ್ರಮಾಣಕ್ಕೂ ನಿಷೇಧಕ್ಕೂ ಸಂಬಂಧವಿಲ್ಲ. ಸಂಬಂಧವಿರುವುದು ಸಾಕ್ಷಿದಾರರ ಸಂಖ್ಯೆಗೆ. ಐನೂರು ಜನರ ನಡುವೆ ಕೂತು ಅತ್ತರೆ ಸಂಸ್ಕಾರ. ನಲವತ್ತು ಜನರ ತರಗತಿಯಲ್ಲಿ ಅತ್ತರೆ ಪಾಠ. ಅಡುಗೆಮನೆಯಲ್ಲಿ ಧಾರಾವಾಹಿ ನೋಡುತ್ತ ಮೂವರು ಅತ್ತರೆ ಮನರಂಜನೆ. ಮಾಳಿಗೆಯ ಮೇಲೆ ಒಬ್ಬಳೇ ಪುಸ್ತಕ ಹಿಡಿದು ಅತ್ತಾಗ ಮಾತ್ರ ಅವ್ವ ಕೆಳಗಿನಿಂದ “ಏನಾತ?” ಎಂದು ಕೂಗುತ್ತಾಳೆ. “ಏನಿಲ್ಲ” ಎಂಬ ಉತ್ತರ ಬರುತ್ತದೆ. ಪೂರ್ವಪಕ್ಷವನ್ನು ನಿಜವಾಗಿ ಕಾಡುವುದು ಈ “ಏನಿಲ್ಲ.” ಮಗುವಿನ ತಲೆಯೊಳಗೆ ಯಾರೋ ಸತ್ತಿದ್ದಾರೆ, ಸತ್ತವರು ಯಾರೆಂಬುದು ಮನೆಯವರಿಗೆ ಗೊತ್ತಿಲ್ಲ, ಮಣ್ಣಿಗೆ ಹೋಗಿಬರುವ ಹಾಗೂ ಇಲ್ಲ.

ನಿವಾರಣೋಪಾಯಗಳಲ್ಲಿ ಪುಸ್ತಕವನ್ನು ಜಂತಿಗೆ ಸಿಕ್ಕಿಸುವುದು ಅತಿ ಪ್ರಾಚೀನವಾದದ್ದು. ಮಕ್ಕಳು ಹತ್ತುವುದನ್ನು ಕಲಿಯುತ್ತಾರೆಂಬುದನ್ನು ಬಿಟ್ಟರೆ ಅದರಿಂದ ಬೇರೆ ಫಲ ಕಂಡುಬಂದಿಲ್ಲ. ದೀಪ ಆರಿಸುವುದು ಎರಡನೆಯದು. ಹುಕ್ಕೇರಿ ತಾಲೂಕಿಗೆ ತನ್ನದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ. ಲೈಟು ಹೋದಾಗ ಹಲವು ನಾಯಕಿಯರು ಮರುದಿನದವರೆಗೆ ಬದುಕಿಕೊಂಡಿದ್ದರೂ ಇರಬಹುದು.

ಖಚಿತವಾಗಿ ಫಲ ಕೊಡುವ ಉಪಾಯ ಒಂದೇ, ಕಾದಂಬರಿಯನ್ನು ಪಠ್ಯವಾಗಿಸುವುದು. ಪಠ್ಯವಾದ ದಿನವೇ ಅದರ ಹಾನಿಕಾರಕ ಗುಣವೆಲ್ಲ ಇಳಿದುಹೋಗುತ್ತದೆ, ಏಕೆಂದರೆ ಆಮೇಲೆ ಅದನ್ನು ಓದುವವರಿಲ್ಲ, ಓದುವುದು ಗೈಡನ್ನು. ಗೈಡಿನಲ್ಲಿ ನಾಯಕಿಯ ಸಾವಿಗೆ ಐದು ಅಂಕ, ಕಾರಣಸಹಿತ ಬರೆದರೆ ಹತ್ತು.