ಹಗಲು ದೀವಟಿಗೆ

“ಎಂತದು ಮಾರಾಯ, ಬೆಳ್ಳಂಬೆಳಗ್ಗೆ ಬೈಕಿನ ಕರುಳೆಲ್ಲ ಹೊರಗೆ ಹಾಕಿ ಕೂತಿದ್ದಿ?”

ದಾಸವಾಳದ ಬೇಲಿಯ ಮೇಲಿಂದ ಮಾಸ್ಟ್ರ ತಲೆ ಕಾಣಿಸಿತು. ಕೈಯಲ್ಲಿ ಪೂಜೆಯ ಹೂವಿನ ಬುಟ್ಟಿ. ಹೂವು ನೆಪ ಮಾತ್ರ. ಭಾನುವಾರ ನಮ್ಮ ಅಂಗಳದಲ್ಲಿ ಸ್ಪ್ಯಾನರಿನ ಸದ್ದು ಕೇಳಿತೋ, ಅವರ ಮನೆಯ ದೇವರು ಅರ್ಧ ಗಂಟೆ ಕಾಯಲೇಬೇಕು.

“ಲೈಟು ಕೂರಿಸುತ್ತಿದ್ದೇನೆ ಮಾಸ್ಟ್ರೇ. ಎರಡು ಸಣ್ಣ ಎಲ್‌ಇಡಿ. ಹಗಲು ಉರಿಸಲಿಕ್ಕೆ.”

“ಹಗಲು?” ಅವರು ತೆಂಗಿನ ತೋಟದ ಮೇಲೆ ಕಣ್ಣು ಹಾಯಿಸಿದರು. “ಯಾಕೆ, ಸೂರ್ಯ ರಜೆ ಹಾಕಿದ್ದಾನಾ?”

ಈ ಪ್ರಶ್ನೆ ನಮ್ಮೂರು ಎರ್ಮಾಳಿಗೆ ಹೊಸತಲ್ಲ. ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಶುರುವಾದೊಡನೆ ಹೆಡ್‌ಲೈಟ್ ತಾನಾಗಿಯೇ ಉರಿಯಬೇಕೆಂಬ ನಿಯಮ 2017ರ ಏಪ್ರಿಲ್ 1ರಿಂದ ಬಂತಲ್ಲ, ಆ ವರ್ಷ ಪಡುಬಿದ್ರಿಯಿಂದ ಕಾಪುವಿಗೆ ಹೊಸ ಸ್ಕೂಟರಿನಲ್ಲಿ ಹೋದವರ ಪಾಡು ಕೇಳಬೇಡಿ. ಎದುರು ಸಿಕ್ಕಿದವರೆಲ್ಲ ಕೈ ಎತ್ತಿ ಐದು ಬೆರಳನ್ನೂ ಮುಚ್ಚಿ ಬಿಚ್ಚಿ, ಮುಚ್ಚಿ ಬಿಚ್ಚಿ ‘ಲೈಟು ಉಂಟು’ ಅಂತ ಸನ್ನೆ ಮಾಡುವವರೇ. ಉಚ್ಚಿಲ ಮುಟ್ಟುವಷ್ಟರಲ್ಲಿ ಹತ್ತು ಸಲ. ನಂದಿಸೋಣ ಎಂದರೆ ಗಾಡಿಯಲ್ಲಿ ಸ್ವಿಚ್ಚೇ ಇಲ್ಲ. ದಾರಿ ಬಿಡು ಅಂದರೆ ಒಂದಿಂಚು ಸರಿಯದ ನಮ್ಮ ಜನ, ಕಂಡವರ ಬ್ಯಾಟರಿಯ ವಿಷಯದಲ್ಲಿ ಮಾತ್ರ ಕರ್ಣನ ವಂಶದವರು. ಮಾಸ್ಟ್ರಂತೂ ಗಾಡಿಯ ಮೇಲೆ ಇರಬೇಕೆಂದೂ ಇಲ್ಲ, ಜಗಲಿಯಲ್ಲಿ ಕೂತೇ ಬೆರಳು ಬಿಚ್ಚುತ್ತಿದ್ದರು.

ನನ್ನ ಬೈಕು 2016ರದ್ದು. ಒಂದು ವರ್ಷದಲ್ಲಿ ಆ ಭಾಗ್ಯ ತಪ್ಪಿತು. ಹಾಗಾಗಿ ಈ ಕೂರಿಸುವ ಕೆಲಸ.

“ಹಗಲು ದೀವಟಿಗೆ ಅಂತ ನೀವೇ ಪಾಠ ಮಾಡಿದ್ದಲ್ವಾ ಮಾಸ್ಟ್ರೇ? ರಾಜರಿಗೆ, ಮಠದ ಸ್ವಾಮಿಗಳಿಗೆ ಬಿರುದು. ಅಡ್ಡಪಲ್ಲಕ್ಕಿಯ ಮುಂದೆ ಹಾಡಹಗಲೇ ದೀವಟಿಗೆ ಹಿಡಿದುಕೊಂಡು ಹೋಗುವುದು. ಸ್ವಾಮಿಗಳಿಗೆ ದಾರಿ ಕಾಣಲಿ ಅಂತಲಾ? ಅಲ್ಲ. ಸ್ವಾಮಿಗಳು ಬರುತ್ತಿದ್ದಾರೆ ಅಂತ ಊರಿಗೆ ಕಾಣಲಿ ಅಂತ. ಇದೂ ಅದೇ.”

“ಬಿರುದನ್ನು ಯಾರಾದರೂ ಕೊಡಬೇಕು ಮಾರಾಯ. ನೀನು ಅಂಗಡಿಯಿಂದ ಕೊಂಡು ತಂದದ್ದು.”

ಮಾತಿನಲ್ಲಿ ಅವರನ್ನು ಗೆದ್ದವರಿಲ್ಲ. ಹಗಲು ಲೈಟು ಹಾಕುವ ಬುದ್ಧಿ ಮೊದಲು ಬಂದದ್ದು ಸೂರ್ಯ ಸರಿಯಾಗಿ ಮೇಲೇಳದ ದೇಶಗಳಿಗೆ ಎಂದೆ. ಫಿನ್ಲೆಂಡ್‌ನಲ್ಲಿ 1972ರಲ್ಲಿ, ಚಳಿಗಾಲದಲ್ಲಿ ಊರಾಚೆಯ ರಸ್ತೆಗಳಿಗೆ. ಸ್ವೀಡನ್‌ನಲ್ಲಿ 1977ರಿಂದ ವರ್ಷವಿಡೀ. ಆಮೇಲೆ 2011ರ ಫೆಬ್ರವರಿಯಿಂದ ಯುರೋಪಿನ ಹೊಸ ಮಾದರಿಯ ಕಾರುಗಳಿಗೆಲ್ಲ ಹಗಲು ದೀಪ ಕಡ್ಡಾಯ.

“ಹಾಗೆ ಹೇಳು. ಅಲ್ಲಿ ಕತ್ತಲೆ. ಇಲ್ಲಿ ನಮಗೆ ಬಿಸಿಲಿಗೆ ಬರಗಾಲವಾ?”

ಬಿಸಿಲಿಗೆ ಇಲ್ಲ. ಆದರೆ ಜೂನ್, ಜುಲೈ ತಿಂಗಳಲ್ಲಿ ಬೆಳಗ್ಗೆ ಹತ್ತು ಗಂಟೆಗೆ ಹೆದ್ದಾರಿಯ ಬದಿ ನಿಂತು ನೋಡಿ. ಸಮುದ್ರದಿಂದ ಮಳೆ ಅಡ್ಡಕ್ಕೆ ಬಡಿಯುತ್ತದೆ. ಮಂಗಳೂರು ಕಡೆಯಿಂದ ಬರುವ ಗ್ಯಾಸ್ ಟ್ಯಾಂಕರಿನ ಹಿಂದೆ ನೀರಿನ ಹೊಗೆ ಏಳುತ್ತದಲ್ಲ, ಅದರೊಳಗೆ ಕಪ್ಪು ರೈನ್‌ಕೋಟು ತೊಟ್ಟ ಬೈಕಿನವ ಇದ್ದಾನೋ ಇಲ್ಲವೋ ಅವನ ಹೆಂಡತಿಗೂ ಗೊತ್ತಾಗಲಿಕ್ಕಿಲ್ಲ. ಮಳೆಗಾಲ ಬಿಡಿ, ಡಿಸೆಂಬರಿನ ಸಂಜೆ ಐದೂವರೆಗೆ ಮೂಡಣ ಕಡೆಯ ಒಳರಸ್ತೆಯಿಂದ ಹೆದ್ದಾರಿಗೆ ಬರುವವನ ಕಣ್ಣಿಗೆ ಸೂರ್ಯ ನೇರ ಹೊಡೆಯುತ್ತಾನೆ. ಆ ಹೊಳಪಿನಲ್ಲಿ ಲಾರಿಯಾದರೆ ಕಾಣುತ್ತದೆ. ಬೈಕು ಎದುರಿನಿಂದ ನೋಡಿದರೆ ಎಷ್ಟಗಲ? ಒಂದು ತೆಂಗಿನ ಮರದಷ್ಟು.

ಮತ್ತೆ ನಮ್ಮ ಹೆದ್ದಾರಿಯ ವಿಷಯ. 17 ಇದ್ದದ್ದು 66 ಆಯಿತು, ಎರಡು ಸಾಲು ಇದ್ದದ್ದು ನಾಲ್ಕಾಯಿತು. ನಡುವೆ ಡಿವೈಡರು ಬಂದು ಊರು ಮೂಡು, ಪಡು ಅಂತ ಎರಡಾಯಿತು. ಹಾಲಿನ ಡಿಪೋ ಆಚೆ, ಮನೆ ಈಚೆ. ತಿರುಗುವ ಜಾಗಕ್ಕೆ ಅಷ್ಟು ದೂರ ಹೋಗಿ ಬರುವ ಬದಲು ಬದಿಯಲ್ಲೇ ‘ಸ್ವಲ್ಪ’ ಎದುರು ದಿಕ್ಕಿನಲ್ಲಿ ಬರುವವರು ಎಷ್ಟು ಜನ! ನಾನೂ ಬಂದಿದ್ದೇನೆ, ಸುಳ್ಳು ಯಾಕೆ. ಹಾಗೆ ಬರುವವನನ್ನು ದೂರದಿಂದ ನಾನು ಕಾಣುವುದಕ್ಕಿಂತ ಅವನು ನನ್ನನ್ನು ಕಾಣುವುದು ಮುಖ್ಯ.

ಮಾಸ್ಟ್ರು ಇದಕ್ಕೆ ಏನೂ ಹೇಳಲಿಲ್ಲ. ಎದುರು ದಿಕ್ಕಿನ ವಿಷಯದಲ್ಲಿ ಅವರಿಗೂ ಅನುಭವ ಉಂಟು.

“ಅದಿರಲಿ, ಹೋದ ವರ್ಷ ಒಮ್ಮೆ ಹಾಕಿಸಿದ್ದಿಯಲ್ಲ? ಎಂತಾಯ್ತು ಅದು?”

ಆ ಕತೆ ಬೇಡ ಅಂದರೂ ಬಿಡುವವರಲ್ಲ. ಪೇಟೆಯ ಒಂದು ಗ್ಯಾರೇಜಿನ ಹುಡುಗ ಇಪ್ಪತ್ತು ನಿಮಿಷದಲ್ಲಿ ಹಾಕಿಕೊಟ್ಟಿದ್ದ. ಬ್ಯಾಟರಿಯಿಂದ ನೇರ ಒಂದು ವಯರ್, ಹ್ಯಾಂಡಲಿನಲ್ಲಿ ಒಂದು ಸ್ವಿಚ್ಚು, ಅಲ್ಲಿಂದ ಲೈಟಿಗೆ. ಫ್ಯೂಸು? “ಬೇಡ ಅಣ್ಣ, ಸಣ್ಣ ಲೈಟಲ್ವಾ.” ವಯರನ್ನು ಟ್ಯಾಂಕಿನ ಅಡಿಯಿಂದ ತಂದು ಹ್ಯಾಂಡಲಿನ ಬುಡದಲ್ಲಿ ಬಿಗಿಯಾಗಿ ಕಟ್ಟಿದ್ದ. ನೋಡಲಿಕ್ಕೆ ಬಹಳ ಚಂದ. ಹ್ಯಾಂಡಲು ಎಡಕ್ಕೆ ತಿರುಗಿದಾಗ ವಯರ್ ಎಳೆಯುತ್ತದೆ, ಬಲಕ್ಕೆ ತಿರುಗಿದಾಗ ಫ್ರೇಮಿಗೆ ಒರೆಸುತ್ತದೆ. ನಾಲ್ಕು ತಿಂಗಳು ಒರೆಸಿ ಮೇಲಿನ ಪ್ಲಾಸ್ಟಿಕ್ ಸವೆಯಿತು. ಆಗಸ್ಟಿನ ಒಂದು ದಿನ ಬರಿ ತಾಮ್ರ ಫ್ರೇಮಿಗೆ ತಾಗಿದ್ದೇ ತಡ, ಸೀಟಿನ ಅಡಿಯಿಂದ ಹೊಗೆ. ಮೀನು ಸುಟ್ಟ ವಾಸನೆ ಎಲ್ಲಿಂದಪ್ಪ ಅಂತ ನಾನು ರಸ್ತೆಯ ಬದಿ ನೋಡುತ್ತಿದ್ದೆ. ಸುಡುತ್ತಿದ್ದದ್ದು ನನ್ನ ಕೆಳಗೇ.

ಅದಕ್ಕೇ ಈ ಸಲ ನಾನೇ ಕೂತದ್ದು. ಮೊದಲು ಫ್ಯೂಸು, ಬ್ಯಾಟರಿಯ ಪಕ್ಕದಲ್ಲೇ, ಒಂದು ಗೇಣಿನೊಳಗೆ. ಲೈಟಿನ ಹತ್ತಿರ ಫ್ಯೂಸು ಇಟ್ಟರೆ ನಡುವಿನ ವಯರಿಗೆ ದಿಕ್ಕಿಲ್ಲ. ಲೆಕ್ಕ ಸುಲಭ: ಹತ್ತು ವ್ಯಾಟಿನ ಎರಡು ಲೈಟು ಅಂದರೆ 20 ವ್ಯಾಟ್, ಬ್ಯಾಟರಿ 12 ವೋಲ್ಟ್, ಭಾಗಿಸಿದರೆ ಸುಮಾರು 1.7 ಆಂಪಿಯರ್. ಮೂರು ಆಂಪಿಯರಿನ ಫ್ಯೂಸು ಸಾಕು. ಹದಿನೈದರದ್ದು ಮನೆಯಲ್ಲಿ ಬಿದ್ದಿದೆ ಅಂತ ಅದನ್ನು ಹಾಕಿದರೆ, ಫ್ಯೂಸು ಹೋಗುವ ಮೊದಲು ಬೈಕು ಹೋಗುತ್ತದೆ.

“ಈ ಕಪ್ಪು ಡಬ್ಬಿ ಎಂತದು?”

“ರಿಲೇ.”

“ಅದು ಎಂತ ಮಾಡುತ್ತದೆ?”

ರಿಲೇಯನ್ನು ಮಾಸ್ಟ್ರಿಗೆ ವಿವರಿಸಲು ನಾನು ಕೈರಂಪಣಿಯ ಮೊರೆ ಹೋಗಬೇಕಾಯಿತು. ನಮ್ಮ ಕಡಲಲ್ಲಿ ಬಲೆ ಬಿಟ್ಟ ಮೇಲೆ ದಡದಲ್ಲಿ ಎರಡು ಸಾಲು ಜನ ಹಗ್ಗ ಹಿಡಿದು ನಿಂತಿರುತ್ತಾರಲ್ಲ? ಎಳೆಯಿರಿ ಅಂತ ಕೈ ಬೀಸುವವ ಒಬ್ಬನೇ. ಅವನು ಬಲೆ ಎಳೆಯುವುದಿಲ್ಲ, ಎಳೆದರೆ ಸೊಂಟ ಹೋದೀತು. ರಿಲೇಯಲ್ಲಿ 85, 86 ಅಂತ ಬರೆದ ಎರಡು ಕಾಲು ಆ ಕೈ ಬೀಸುವವ. ಬೈಕಿನ ಪಾರ್ಕಿಂಗ್ ಲೈಟಿನ ಸಪೂರ ವಯರಿನಿಂದ ಚೂರು ಕರೆಂಟು 86ಕ್ಕೆ ಕೊಟ್ಟು, 85ನ್ನು ಅರ್ತಿಗೆ ಸೇರಿಸಿದರೆ ಒಳಗಿನ ಸುರುಳಿ ಅಯಸ್ಕಾಂತವಾಗಿ ಟಿಕ್ ಅನ್ನುತ್ತದೆ. ಆಗ 30 ಮತ್ತು 87 ಕೂಡಿಕೊಳ್ಳುತ್ತವೆ. ಬಲೆ ಎಳೆಯುವವರು ಇವರು. ಬ್ಯಾಟರಿಯಿಂದ ಫ್ಯೂಸು ದಾಟಿ 30ಕ್ಕೆ, 87ರಿಂದ ಲೈಟಿಗೆ. ಕೀ ತೆಗೆದರೆ ಕೈ ಬೀಸುವವ ಮನೆಗೆ ಹೋದ, ಹಗ್ಗ ಬಿಟ್ಟಾಯಿತು. ಮರೆತು ಲೈಟು ಉರಿದು ಬೆಳಗ್ಗೆ ಕಿಕ್ ಹೊಡೆಯುವ ಕೆಲಸ ಇಲ್ಲ. 1.7 ಆಂಪಿಯರಿಗೆ ರಿಲೇ ಬೇಕೇ ಬೇಕಾ ಅಂತ ಕೇಳಿದರೆ, ಇಲ್ಲದೆಯೂ ನಡೆಯುತ್ತದೆ. ಆದರೆ ಹಳೆಯ ಬೈಕಿನ ಸಪೂರ ವಯರುಗಳ ಮೇಲೆ ಹೊಸ ಭಾರ ಹಾಕಲು ನನಗೆ ಮನಸ್ಸಿಲ್ಲ. ಸುಟ್ಟುಕೊಂಡವನು ನಾನು.

“ಇರುವ ಹೆಡ್‌ಲೈಟಿನ ವಯರಿಗೇ ಜೋಡಿಸಿದರೆ ಆಗುವುದಿಲ್ಲವಾ?”

ಒಳ್ಳೆಯ ಪ್ರಶ್ನೆ. ನಮ್ಮ ಹಳೆಯ ಸಣ್ಣ ಬೈಕುಗಳಲ್ಲಿ ಹೆಡ್‌ಲೈಟಿಗೆ ಕರೆಂಟು ಬ್ಯಾಟರಿಯಿಂದ ಅಲ್ಲ, ಮ್ಯಾಗ್ನೆಟಿನಿಂದ ನೇರ ಬರುವುದು. ಆಕ್ಸಿಲರೇಟರ್ ಕೊಟ್ಟರೆ ಉರಿ, ಬಿಟ್ಟರೆ ಮಂಕು. ಮಾಸ್ಟ್ರ ಕಾಲದ ಸೈಕಲಿನ ಡೈನಮೋ ಹಾಗೆ. ಅದು ಎಸಿ. ಎಲ್‌ಇಡಿಗೆ ಬೇಕಾದ್ದು ಡಿಸಿ. ಆ ವಯರಿಗೆ ಜೋಡಿಸಿದರೆ ಎಲ್‌ಇಡಿ ಕಣ್ಣು ಮಿಟುಕಿಸುತ್ತ ಮಿಟುಕಿಸುತ್ತ ಒಂದು ದಿನ ಕಣ್ಣು ಮುಚ್ಚುತ್ತದೆ. ಡೈನಮೋ ಅಂದದ್ದೇ ತಡ, ಮಾಸ್ಟ್ರು ಬೆಳ್ಮಣ್ಣಿನ ದಾರಿಯಲ್ಲಿ ಲೈಟಿಲ್ಲದ ಸೈಕಲು ಹಿಡಿದು ಟೈರಿನ ಗಾಳಿ ಬಿಡುತ್ತಿದ್ದ ಪೊಲೀಸಿನವರ ಕತೆ ಶುರು ಮಾಡಿದರು. ಅದು ಮುಗಿಯುವಷ್ಟರಲ್ಲಿ ನನ್ನ ಎರಡು ಜೋಡಣೆ ಮುಗಿಯಿತು.

ಜೋಡಣೆ ಅಂದೆನಲ್ಲ, ನಮ್ಮೂರಲ್ಲಿ ಇಡೀ ಕೆಲಸ ಇರುವುದು ಅದರಲ್ಲೇ. ಘಟ್ಟದ ಮೇಲಿನವರು ವಯರಿನ ಎರಡು ತುದಿ ತಿರುಚಿ ಟೇಪು ಸುತ್ತಿದರೆ ಹತ್ತು ವರ್ಷ ಬಾಳುತ್ತದೆ. ಎರ್ಮಾಳಿನಲ್ಲಿ ಒಂದು ಮಳೆಗಾಲ. ಇಲ್ಲಿನ ಗಾಳಿಯಲ್ಲೇ ಉಪ್ಪು. ಕಿಟಕಿಯ ಸರಳು ತಿನ್ನುತ್ತದೆ, ಗೇಟಿನ ತಿರುಗಣೆ ತಿನ್ನುತ್ತದೆ, ಟೇಪಿನೊಳಗೆ ಬೆವರಿನ ಹಾಗೆ ಇಳಿದು ತಾಮ್ರವನ್ನು ಹಸಿರು ಮಾಡುತ್ತದೆ. ಹಸಿರು ಬಂದಲ್ಲಿ ಕರೆಂಟು ತಡವರಿಸುತ್ತದೆ, ಜೋಡಣೆ ಬಿಸಿಯಾಗುತ್ತದೆ. ಹಾಗಂತ ಬೆಸುಗೆ ಹಾಕೋಣವೆಂದರೆ, ಬೈಕಿನ ನಡುಕಕ್ಕೆ ಬೆಸುಗೆ ಮುಗಿಯುವ ಜಾಗದಲ್ಲಿ ವಯರ್ ಕಟ್ಟಿಗೆಯ ಹಾಗೆ ಪೆಡಸಾಗಿ ತುಂಡಾಗುತ್ತದೆ. ನಾನು ಕಂಡುಕೊಂಡದ್ದು ಇಷ್ಟು: ಕ್ರಿಂಪ್ ಮಾಡು, ಸ್ವಲ್ಪ ಗ್ರೀಸು ಮೆತ್ತು, ಮೇಲೆ ಅಂಟು ಇರುವ ಶ್ರಿಂಕ್ ಸ್ಲೀವ್ ಹಾಕಿ ಬಿಸಿ ಮಾಡು. ಅರ್ತಿನ ಬೋಲ್ಟಿನ ಅಡಿಯ ಪೈಂಟು ಕೆರೆದು ಬಿಗಿದ ಮೇಲೆ ಅದಕ್ಕೂ ಗ್ರೀಸು. ಲೈಟು ಸರಿ ಇಲ್ಲ ಅಂತ ಹೊಸತು ತಂದವರಲ್ಲಿ ಅರ್ಧ ಜನರದ್ದು ಕೆಟ್ಟದ್ದು ಲೈಟಲ್ಲ, ಅರ್ತು. ಇನ್ನು ಹ್ಯಾಂಡಲಿನ ಬುಡದಲ್ಲಿ ವಯರಿಗೆ ಒಂದು ಸಡಿಲ ಬಳುಕು ಬಿಟ್ಟು, ಎರಡೂ ಕಡೆ ಕೊನೆಯ ತನಕ ತಿರುಗಿಸಿ ನೋಡಿಯೇ ಟೈ ಬಿಗಿದೆ. ಇಲಿ ತಿಂದರೆ ಮಾತ್ರ ನನ್ನಲ್ಲಿ ಉತ್ತರ ಇಲ್ಲ.

“ಅಲ್ಲ ಮಾರಾಯ, ಇದರದ್ದೇ ಉಪದ್ರ ಈಗ ರಸ್ತೆಯಲ್ಲಿ. ಎದುರು ಬರುವವನ ಕಣ್ಣು ಕುರುಡು ಮಾಡುವುದು.”

ಅದು ನಿಜ. ಬೆಳಕು ಹಾಕಿ ಮೀನು ಹಿಡಿಯುವುದನ್ನು ಕೇಂದ್ರ ಸರಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ಆ ದೀಪಗಳೆಲ್ಲ ದೋಣಿಯಿಂದ ಇಳಿದು ಬೈಕಿನ ಲೆಗ್‌ಗಾರ್ಡು ಹತ್ತಿದವೋ ಅಂತ ನನಗೆ ಕೆಲವೊಮ್ಮೆ ಸಂಶಯ. ಕಣ್ಣು ಕುಕ್ಕುವ ಎಲ್‌ಇಡಿಗಳ ಮೇಲೆ 2024ರಲ್ಲಿ ನಮ್ಮ ರಾಜ್ಯದ ಪೊಲೀಸರು ಕೇಸು ಹಾಕಲು ಹೊರಟದ್ದು ತಪ್ಪಲ್ಲ. ಹಗಲು ದೀಪಕ್ಕೆ ಯುರೋಪಿನವರು ಮೇಲಿನ ಮಿತಿ ಕೂಡ ಇಟ್ಟಿದ್ದಾರೆ: 400 ಕ್ಯಾಂಡೆಲಾಕ್ಕಿಂತ ಕಡಿಮೆ ಬೇಡ, 1200 ದಾಟಲೂ ಬೇಡ. ಕಂಡರೆ ಸಾಕು, ಕುಕ್ಕಬಾರದು. ಅದಕ್ಕೇ ನಾನು ತಂದದ್ದು ಹಾಲುಗಾಜಿನ ಸಣ್ಣ ಲೈಟು, ಕೂರಿಸಿದ್ದು ಹೆಡ್‌ಲೈಟಿಗಿಂತ ತಗ್ಗಿನಲ್ಲಿ, ಮುಖ ಸ್ವಲ್ಪ ನೆಲಕ್ಕೆ. ರಾತ್ರಿ ಆರಿಸಲಿಕ್ಕೆ ಬೇರೆ ಸ್ವಿಚ್ಚು. ಪಟಪಟ ಮಿಟುಕುವ ಕೆಂಪು ನೀಲಿಯನ್ನು ಅಂಗಡಿಯವ ತೋರಿಸಿದ, ಬೇಡ ಅಂದೆ. ಅದು ಆಂಬುಲೆನ್ಸಿನವರಿಗಿರಲಿ.

“ಇದು ಕಾನೂನಿಗೆ ಸರಿಯಾ?” ಮಾಸ್ಟ್ರು ಪೇಪರು ಪೂರ್ತಿ ಓದುವವರು. “ಗಾಡಿಯ ಮೂಲ ರೂಪ ಬದಲಿಸಬಾರದು ಅಂತ ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದ್ದುಂಟು.”

ಉಂಟು. ಅದಕ್ಕೇ ಫ್ರೇಮಿಗೆ ತೂತು ಹೊಡೆದಿಲ್ಲ, ಕಂಪನಿಯ ಒಂದು ವಯರನ್ನೂ ಕಡಿದಿಲ್ಲ. ಎಲ್ಲ ಕ್ಲ್ಯಾಂಪು, ಕನೆಕ್ಟರು. ನಾಳೆ ಯಾರಾದರೂ ತೆಗೆ ಅಂದರೆ ಹತ್ತು ನಿಮಿಷ. “ಹಾಗೆ ನೋಡಿದರೆ ನಿಮ್ಮ ಬುಲೆಟ್ಟಿನ ಹುಲಿಗಣ್ಣು ಎಂತದು ಮಾಸ್ಟ್ರೇ?” ಅಂದೆ. ಹೆಡ್‌ಲೈಟಿನ ಎರಡು ಬದಿಯ ಆ ಪುಟಾಣಿ ದೀಪಗಳು 1954ರ ಸುಮಾರಿಗೆ ಇಂಗ್ಲೆಂಡಿನ ಎನ್‌ಫೀಲ್ಡ್‌ನಲ್ಲೇ ಬಂದವು. ದಾರಿ ತೋರಿಸಲು ಅಲ್ಲ, ಗಾಡಿ ಇಲ್ಲಿ ಉಂಟು ಎನ್ನಲು. ಮಾಸ್ಟ್ರ ಮುಖ ಅರಳಿತು. ಶೆಡ್ಡಿನಲ್ಲಿ ಬಟ್ಟೆ ಮುಚ್ಚಿಸಿಕೊಂಡಿರುವ ಆ ಬುಲೆಟ್ಟನ್ನು ಅಷ್ಟಮಿಯ ಹುಲಿವೇಷಕ್ಕೆ ಉಡುಪಿಗೆ ಒಯ್ಯುತ್ತಿದ್ದ ಕಾಲದ ವರ್ಣನೆ ಶುರುವಾಯಿತು. ಒಳಗಿನಿಂದ ಅವರ ಹೆಂಡತಿ ಹೂವು ಎಲ್ಲಿ ಅಂತ ಎರಡನೆಯ ಸಲ ಕೂಗಿದ್ದು ನನಗೆ ಕೇಳಿತು, ಅವರಿಗೆ ಕೇಳಲಿಲ್ಲ.

ಹನ್ನೊಂದಕ್ಕೆ ಸೀಟು ಮುಚ್ಚಿ ಕೀ ತಿರುಗಿಸಿದೆ. ಟಿಕ್. ಎರಡೂ ಉರಿದವು. ಬಿಸಿಲಿನಲ್ಲಿ ಏನೂ ಗತ್ತಿಲ್ಲ, ಎರಡು ಬಿಳಿ ಮಲ್ಲಿಗೆ ಮೊಗ್ಗಿನ ಹಾಗೆ. “ಇಷ್ಟಕ್ಕೆ ಇಷ್ಟು ಹೊತ್ತಾ?” ಅಂತ ಮಾಸ್ಟ್ರು ಖಾಲಿ ಬುಟ್ಟಿ ಹಿಡಿದು ಒಳಗೆ ನಡೆದರು.

ಪಡುಬಿದ್ರಿ ತನಕ ಒಂದು ಸುತ್ತು ಹೋಗಿ ಬರೋಣ ಅಂತ ಹೆದ್ದಾರಿಗೆ ಇಳಿದೆ. ಮುನ್ನೂರು ಮೀಟರ್ ಹೋಗಿರಲಿಕ್ಕಿಲ್ಲ, ಎದುರು ದಿಕ್ಕಿನಲ್ಲಿ, ನನ್ನದೇ ಬದಿಯಲ್ಲಿ, ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಸ್ಕೂಟರಿನವನೊಬ್ಬ ಬರುತ್ತಿದ್ದ. ದೂರದಿಂದಲೇ ಬದಿಗೆ ಸರಿದ. ಸರಿದವನು ಎಡಗೈ ಎತ್ತಿ ಐದೂ ಬೆರಳು ಮುಚ್ಚಿ ಬಿಚ್ಚಿ, ಮುಚ್ಚಿ ಬಿಚ್ಚಿ ಮಾಡಿದ.

ಕಂಡೆ ಅಂತಾಯಿತಲ್ಲ! ನಾನೂ ಕೈ ಎತ್ತಿ ನಮಸ್ಕಾರ ಮಾಡಿದೆ.