ಆಯ್ಕೆ ಸಮಿತಿಯವರೇ, ದಯವಿಟ್ಟು ಅಂಕ ಬರೆದಿಡಬೇಡಿ

ವಿಶ್ವವಿದ್ಯಾಲಯಗಳ ಅಧ್ಯಾಪಕರ ಆಯ್ಕೆ ಸಮಿತಿಗಳ ಮಾನ್ಯ ಸದಸ್ಯರಿಗೆ, ಕೆ.ಆರ್. ಪುರದ ಅತಿಥಿ ಉಪನ್ಯಾಸಕನೊಬ್ಬನ ಸಾಷ್ಟಾಂಗ ನಮಸ್ಕಾರಗಳು.

ಇಂದಿರಾನಗರದ ಯಾರೋ ಮ್ಯಾನೇಜ್‌ಮೆಂಟ್ ಪಂಡಿತರು ನಿಮಗೆ ನಿರ್ಧಾರಶಾಸ್ತ್ರ ಕಲಿಸಲು ಹೊರಟಿದ್ದಾರೆಂದು ಕಿವಿಗೆ ಬಿತ್ತು. ಎಲ್ಲರಿಗೂ ಅದೇ ಪ್ರಶ್ನೆಗಳಂತೆ. ಯಾವ ಗುಣಕ್ಕೆ ಎಷ್ಟು ತೂಕವೆಂದು ಅರ್ಜಿ ಬಿಚ್ಚುವ ಮೊದಲೇ ಗೊತ್ತು ಮಾಡಬೇಕಂತೆ. ಒಬ್ಬರ ಮುಖ ಒಬ್ಬರು ನೋಡದೆ ಅಂಕ ಹಾಕಬೇಕಂತೆ. ಒಪ್ಪಿಬಿಟ್ಟೀರಿ, ಜೋಕೆ.

ನಮ್ಮಲ್ಲೇನು ಪದ್ಧತಿ ಇಲ್ಲವೆ? ಯುಜಿಸಿಯ 2018ರ ನಿಯಮಾವಳಿಯ ಕೋಷ್ಟಕ 3ಎ ನೋಡಿದರೆ ಶಿವಾಜಿನಗರದ ಜ್ಯುವೆಲರ್ಸ್ ಸ್ಟ್ರೀಟಿನ ತಕ್ಕಡಿಯೂ ನಾಚಬೇಕು. ಪಿಎಚ್.ಡಿ.ಗೆ 30, ಎಂ.ಎ.ಯಲ್ಲಿ ಶೇ 80 ಮುಟ್ಟಿದರೆ 25, ಸಂಶೋಧನಾ ಪ್ರಬಂಧವೊಂದಕ್ಕೆ 2. ಹೀಗೆ ನೂರಕ್ಕೆ ತೂಗಿ, ಸಂದರ್ಶನದ ಬಾಗಿಲಿಗೆ ತಂದು, ಆ ಅಂಕಗಳನ್ನೆಲ್ಲ ಚಪ್ಪಲಿಯ ಜೊತೆ ಹೊರಗೇ ಬಿಡಿಸುತ್ತೀರಿ. ಆಯ್ಕೆ ಸಂದರ್ಶನದ ಮೇಲೆ ಮಾತ್ರ ಎನ್ನುವುದೂ ಅದೇ ನಿಯಮ. 2010ರ ನಿಯಮಾವಳಿಯಲ್ಲಿ ಸಂದರ್ಶನದ ಪಾಲು ನೂರಕ್ಕೆ 20 ಇತ್ತು. ಎಂಟು ವರ್ಷದಲ್ಲಿ ಮಗು ಎಷ್ಟು ಬೆಳೆದಿದೆ ನೋಡಿ!

ಅದೇ ಕೋಷ್ಟಕ 3ಎಯಲ್ಲಿ ಬೋಧನಾನುಭವಕ್ಕೆ ವರ್ಷಕ್ಕೆ 2, ಹೆಚ್ಚೆಂದರೆ 10. ಆರನೆಯ ವರ್ಷದಿಂದ ಪಾಠ ಮಾಡಿದ್ದು ಪುಣ್ಯದ ಖಾತೆಗೆ. ಅದಿರಲಿ, ತಾತ್ಕಾಲಿಕ ಸೇವೆ ಲೆಕ್ಕಕ್ಕೆ ಬರಬೇಕಾದರೆ ಸಂಬಳ ಕಾಯಂ ಸಹಾಯಕ ಪ್ರಾಧ್ಯಾಪಕರಿಗಿಂತ ಕಡಿಮೆ ಇರಕೂಡದು. ಅವರ ಮೂಲವೇತನವೇ 57,700ರಿಂದ ಶುರು. 2022ರಲ್ಲಿ ಸರ್ಕಾರ ಏರಿಸಿಕೊಟ್ಟ ನಮ್ಮ ಗೌರವಧನ, ಯುಜಿಸಿ ಅರ್ಹತೆಯೂ ಐದು ವರ್ಷ ಮೀರಿದ ಸೇವೆಯೂ ಇದ್ದವರಿಗೆ, ಆಗ 32,000 ಇತ್ತು. ಕಡಿಮೆ ಕೊಟ್ಟವರು ಯಾರೋ, ಕಡಿಮೆ ಪಡೆದ ತಪ್ಪಿಗೆ ದಂಡ ಕಟ್ಟುವವರು ನಾವು.

ಪಂಡಿತರ ಚೀಲದಲ್ಲಿ ಥಾಮಸ್ ಸಾಟಿ 1970ರ ದಶಕದಲ್ಲಿ ರೂಪಿಸಿದ ಎಎಚ್‌ಪಿ ಎಂಬುದೂ ಇದೆ. ಅದರಲ್ಲಿ ಇಬ್ಬಿಬ್ಬರನ್ನೇ ಎದುರುಬದುರು ನಿಲ್ಲಿಸಿ ಹೋಲಿಸಬೇಕು. ಮೊದಲನೆಯವರು ಎರಡನೆಯವರಿಗಿಂತ ಮೇಲು, ಎರಡನೆಯವರು ಮೂರನೆಯವರಿಗಿಂತ ಮೇಲು ಎಂದು ಬರೆದು, ಕೊನೆಗೆ ಮೂರನೆಯವರೇ ಎಲ್ಲರಿಗಿಂತ ಮೇಲು ಎಂದಿರೋ, ಲೆಕ್ಕ ಹಟ ಹಿಡಿಯುತ್ತದೆ: ಅಸಂಗತತೆ 0.1 ದಾಟಿತು, ಮತ್ತೆ ಯೋಚಿಸಿ. ನಡುವೆ ಒಂದು ಫೋನ್ ಬಂದಿತ್ತೆಂದು ಅದಕ್ಕೆ ಹೇಗೆ ತಿಳಿಹೇಳುತ್ತೀರಿ? ನೇರಳೆ ಮಾರ್ಗದ ಮೆಟ್ರೊಗೆ ಇರುವ ಲೋಕಜ್ಞಾನವೂ ಅದಕ್ಕಿಲ್ಲ. ಕೆ.ಆರ್. ಪುರದಲ್ಲಿ ಹತ್ತಿ ಹಲಸೂರು ದಾಟಿದರೆ ಮೊದಲು ವಿಧಾನಸೌಧ, ಆಮೇಲೆ ಸೆಂಟ್ರಲ್ ಕಾಲೇಜು. ಆ ಕ್ರಮವನ್ನು ಬೋಗಿಯೊಳಗೆ ಬರೆದೇ ಹಾಕಿದ್ದಾರೆ.

ಬರೆಯುವುದೇ ಅಪಾಯ, ಸ್ವಾಮಿ. ಬರೆದ ಅಂಕ ಕಡತದಲ್ಲಿ ಕೂರುತ್ತದೆ. ನಾಳೆ ಯಾವಳೋ ಹುಡುಗಿ ಹತ್ತು ರೂಪಾಯಿ ಕಟ್ಟಿ, ಮಾಹಿತಿ ಹಕ್ಕಿನಡಿ ಅದರ ನಕಲು ಕೇಳುತ್ತಾಳೆ. ‘ಸಮಿತಿಯು ಒಮ್ಮತದಿಂದ ತೀರ್ಮಾನಿಸಿದೆ’ ಎಂಬ ಒಂದು ಸಾಲಿನಲ್ಲಿರುವ ನೆಮ್ಮದಿ ಯಾವ ಎಕ್ಸೆಲ್ ಹಾಳೆಯಲ್ಲಿದೆ?

ಮುಂದಿನ ಅಧಿಸೂಚನೆಗೂ ಅರ್ಜಿ ಹಾಕುತ್ತೇನೆ. ಶುಲ್ಕ ಮರುಪಾವತಿ ಇಲ್ಲವೆಂಬ ನಿಯಮವನ್ನಂತೂ ನೀವು ಯಾರ ಶಿಫಾರಸಿಗೂ ಸಡಿಲಿಸಿದವರಲ್ಲ.

ಇಂತಿ ತಮ್ಮ ವಿಧೇಯ,
ಲೆಕ್ಕಕ್ಕೆ ಬಾರದ ಅನುಭವಸ್ಥ